ಮಂಗಳವಾರ ಅಳೆದ ಕೈ

ನಮ್ಮ ಮನೆಯಲ್ಲಿ ಅಳತೆಯ ಟೇಪುಗಳು ಮೂರಿವೆ. ಒಂದು ಹೊಲಿಗೆ ಮಷಿನ್ನಿನ ಖಾನೆಯಲ್ಲಿ, ಇನ್ನೊಂದು ಮಗ್ಗದ ಕೋಣೆಯ ಮೊಳೆಗೆ, ಮೂರನೆಯದು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಆದರೆ ಮಗ್ಗಕ್ಕೆ ಹೊಸ ಹಾಸು ಏರಿಸುವ ದಿನ ಈ ಮೂರಕ್ಕೂ ಕೆಲಸವಿಲ್ಲ. ಹಾಸು ಎಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆಗಳು. ಒಂದೇ ಹಾಸಿನಲ್ಲಿ ನಾಲ್ಕೈದು ಸೀರೆ ಇಳಿಯುತ್ತವೆ. ಒಂದು ಸೀರೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗಬೇಕು ಎಂದು ಗುರುತು ಹಾಕುವವರು ನಮ್ಮ ಅತ್ತೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅವರ ಬಲಗೈಯೇ ಅಳತೆ. ಮೊಳ ಹಾಕುತ್ತಾ ಹೋಗಿ, ಲೆಕ್ಕ ಸರಿಯಾದ ಕಡೆ ಕುಂಕುಮ ಒತ್ತುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸಿದರೆ ಉತ್ತರ ಬರುವುದಿಲ್ಲ, ಕಣ್ಣು ಕೆಕ್ಕರಿಸಿ ನೋಡುತ್ತಾರೆ.

ಈ ಕೈಗೊಂದು ಕಥೆ ಇದೆ. ನಾನು ಈ ಮನೆಗೆ ಬರುವುದಕ್ಕಿಂತ ಬಹಳ ಹಿಂದಿನ ಮಾತು. ಒಮ್ಮೆ ಅತ್ತೆ ಎರಡು ಸೀರೆಗೆ ಗುರುತು ಹಾಕಿ, ಮದುವೆಗೆಂದು ಮರಿಕಲ್‌ಗೆ ಹೋದರಂತೆ. ಮಾವ ಆಗಿನ್ನೂ ಇದ್ದರು. ಹೆಂಡತಿ ಬರುವತನಕ ಯಾಕೆ ಕಾಯಬೇಕೆಂದು ಉಳಿದ ಮೂರಕ್ಕೆ ತಮ್ಮ ಕೈಯಲ್ಲೇ ಮೊಳ ಹಾಕಿದರು. ಮಾವ ಎತ್ತರದ ಆಳು, ಕೈಯೂ ಅಷ್ಟೇ ಉದ್ದ. ಐದೂ ಸೀರೆಗಳನ್ನು ಕೊಳ್ಳಲು ಬಂದ ಗದ್ವಾಲಿನ ಸಾವಕಾರರು ಒಂದರ ಮೇಲೊಂದು ಹಾಸಿ ನೋಡಿ, "ಇವು ಅಕ್ಕತಂಗೇರಲ್ಲ, ಅತ್ತಿ ಸೊಸಿ" ಎಂದು ನಕ್ಕರಂತೆ. ಅಂದಿನಿಂದ ಮನೆಯಲ್ಲಿ ಒಂದೇ ಕಟ್ಟಳೆ: ಯಾವ ಕೈ ಶುರು ಮಾಡಿತೋ ಅದೇ ಕೈ ಮುಗಿಸಬೇಕು. ಅತ್ತೆಗೆ ಜ್ವರ ಬಂದರೆ ಹಾಸು ಕಾಯಬೇಕು. ಗಂಡನ ಮನೆಗೆ ಬಂದ ಹೊಸದರಲ್ಲಿ ನಾನು ಇದನ್ನು ಕೇಳಿ ನನ್ನ ತವರಿನಲ್ಲಿ ಹೇಳಿಕೊಂಡು ನಕ್ಕಿದ್ದೇನೆ.

ನನ್ನ ತವರು ಗದ್ವಾಲು. ರಾಯಚೂರು ಸೀಮೆಯಿಂದ ಬಂದ ಅಜ್ಜಿಯ ತೊಡೆಯ ಮೇಲೆ ಕುಳಿತು ಕನ್ನಡ ಕಲಿತೆ, ಬೀದಿಯಲ್ಲಿ ತೆಲುಗು ಕಲಿತೆ. ನಾರಾಯಣಪೇಟೆಗೆ ಸೊಸೆಯಾಗಿ ಬಂದ ಎರಡನೆಯ ವರ್ಷ ಮೊದಲನೆಯ ಸಲ ಬಸಿರಾದೆ. ಆ ಸುದ್ದಿ ನಾನು ಹೇಳುವ ಮೊದಲೇ ಓಣಿ ತುಂಬಿತ್ತು. ಬೆಳಿಗ್ಗೆ ಗಂಡನಿಗೆ ಹೇಳಿದೆ, ಮಧ್ಯಾಹ್ನಕ್ಕೆ ಮೂರನೆಯ ಮನೆಯವರು ಹುಣಸೆಕಾಯಿ ತಂದುಕೊಟ್ಟರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಒಂಬತ್ತನೆಯ ವಾರದಲ್ಲಿ ಒಂದು ಬೆಳಿಗ್ಗೆ ರಕ್ತ ಕಾಣಿಸಿತು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು.

ಹಿಗ್ಗಲು ಬಂದವರೆಲ್ಲ ಮರುಗಲೂ ಬಂದರು. ಮನಸ್ಸು ಒಳ್ಳೆಯದೇ, ಮಾತು ಮಾತ್ರ ಮುಳ್ಳು. ಯಾವ ದಿನ ಏನು ತಿಂದೆ, ಯಾವ ಕೊಡ ಎತ್ತಿದೆ ಎಂದು ಪಂಚನಾಮೆ. ಅತ್ತೆ ಎಂಟು ದಿನ ಬಾಗಿಲ ಕಟ್ಟೆ ಬಿಟ್ಟು ಏಳಲಿಲ್ಲ. ಬಂದವರಿಗೆಲ್ಲ ಅಲ್ಲೇ ನೀರು, ಅಲ್ಲೇ ಚಹಾ, "ಆಕಿ ಮಲಗ್ಯಾಳ" ಎಂಬ ಒಂದೇ ಉತ್ತರ. ನಾನು ಒಳಗೆ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತಿದ್ದೆ. ಒಬ್ಬ ಹೆಣ್ಣುಮಗಳು ಜೋರು ದನಿಯವಳು. ನೂಲಿನ ಬಣ್ಣದ ವಾಸನೆಯಿಂದಲೇ ಹೀಗಾದದ್ದು ಎಂದಳು.

"ಸೊಸಿನ ಬಣ್ಣದ ಕಡಾಯಿ ಮುಂದ ನಿಂದ್ರಿಸೀರಿ. ಅದರ ವಾಸನಿಗೇ ಕೂಸು ಹೋತು ನೋಡ್ರಿ."

"ಹಂಗಾದ್ರ ಈ ಓಣ್ಯಾಗ ಯಾರೂ ಹುಟ್ಟತಿರಲಿಲ್ಲ," ಅತ್ತೆಯ ದನಿ ಏರಲಿಲ್ಲ. "ನೀನೂ ಹುಟ್ಟತಿರಲಿಲ್ಲ. ಚಾ ಆರತೈತಿ, ಕುಡಿ."

ಅಷ್ಟು ದಿನಗಳಲ್ಲಿ ನನಗೆ ನಗು ಬಂದದ್ದು ಅದೊಂದೇ ಸಲ.

ಎರಡನೆಯ ಸಲ ಬಸಿರು ಪರೀಕ್ಷೆಯ ಪಟ್ಟಿಯ ಮೇಲೆ ಗೆರೆ ಮೂಡಿದ್ದು ಹೆಚ್ಚುಕಡಿಮೆ ಒಂದು ವರ್ಷದ ಮೇಲೆ. ಈ ಸಲ ಯಾರಿಗೂ ಹೇಳಬಾರದೆಂದು ನಾನೂ ನನ್ನ ಗಂಡನೂ ಮಾತಾಡಿಕೊಂಡೆವು. ಯಾರಿಗೂ ಎಂದರೆ ಅತ್ತೆಗೂ. ಅವರ ಮೇಲೆ ನಂಬಿಕೆಯಿಲ್ಲ ಎಂದಲ್ಲ. ಮತ್ತೆ ಎಂಟು ದಿನ ಅವರನ್ನು ಕಟ್ಟೆಯ ಮೇಲೆ ಕೂರಿಸುವ ಧೈರ್ಯ ನನಗಿರಲಿಲ್ಲ.

ನಾರಾಯಣಪೇಟೆಯಲ್ಲೇ ಇರುವ ಡಾಕ್ಟರಮ್ಮ ರಕ್ತಪರೀಕ್ಷೆ ಬರೆದರು. ಬಸಿರಾದಾಗ ರಕ್ತದಲ್ಲಿ ಏರುವ ಒಂದು ಹಾರ್ಮೋನಿದೆ, ಅದರ ಅಂಕಿ ನೋಡಬೇಕು. ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ, ಎರಡು ದಿನ ಬಿಟ್ಟು ಮತ್ತೆ ನೋಡಬೇಕು, ಆಗ ಒಂದೂವರೆ ಪಟ್ಟಾದರೂ ಆಗಿದ್ದರೆ ಚೆನ್ನ ಎಂದು ಸಮಾಧಾನವಾಗಿ ಹೇಳಿದರು. ಇನ್ನೂ ಏನೇನೋ ಹೇಳಿದರು. ನನ್ನ ಕಿವಿಗೆ "ಒಂದೂವರೆ ಪಟ್ಟು" ಎಂಬುದು ಹೊಕ್ಕ ಮೇಲೆ ಬೇರೆ ಯಾವುದಕ್ಕೂ ಜಾಗ ಉಳಿಯಲಿಲ್ಲ. ಗರ್ಭ ನಿಲ್ಲಲೆಂದು ಒಂದು ಮಾತ್ರೆಯನ್ನೂ ಕೊಟ್ಟರು. ಅದನ್ನು ನುಂಗಿದರೆ ನಿಂತಲ್ಲೇ ತೂಕಡಿಕೆ.

ಮಂಗಳವಾರದ ಅಂಕಿ ನಾನೂರ ಹನ್ನೆರಡು. ಆ ಕಾಗದವನ್ನು ಮಡಚಿ ರವಿಕೆಯಲ್ಲಿಟ್ಟುಕೊಂಡೆ. ಅಡುಗೆಮನೆಯಲ್ಲಿ ತೆಗೆದು ನೋಡುತ್ತಿದ್ದೆ, ಹಿತ್ತಲಲ್ಲಿ ತೆಗೆದು ನೋಡುತ್ತಿದ್ದೆ, ನಾನು ನೋಡದಾಗ ಅದು ಇಳಿದುಬಿಡುತ್ತದೇನೋ ಎಂಬಂತೆ. ಫೋನಿನಲ್ಲಿ ಹುಡುಕಿದರೆ ಒಬ್ಬಳಿಗೆ ನೂರಿದ್ದು ಮಗು ಆಗಿದೆ, ಇನ್ನೊಬ್ಬಳಿಗೆ ಸಾವಿರವಿದ್ದು ಹೋಗಿದೆ. ಓದಿದಷ್ಟೂ ಹೈರಾಣಾದೆ.

ಆದರೆ ನನ್ನನ್ನು ಕೆಡಿಸಿದ್ದು ಅಂಕಿಯಲ್ಲ, ಲ್ಯಾಬಿನಲ್ಲಿ ಚೀಟಿ ಬರೆಯುತ್ತಿದ್ದ ಹೆಣ್ಣುಮಗಳು. ಅವಳು ನಮ್ಮ ಓಣಿಯ ಆ ಜೋರು ದನಿಯವಳ ನಾದಿನಿ. ನನ್ನ ಚೀಟಿ ಓದಿ, ತಲೆ ಎತ್ತಿ, "ವಿಶೇಷಮಾ ಅಕ್ಕಾ?" ಎಂದು ತೆಲುಗಿನಲ್ಲಿ ಕೇಳಿ ನಕ್ಕಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ನಕ್ಕಿರಬೇಕು. ನನಗೆ ಮಾತ್ರ ಹುಣಸೆಕಾಯಿ ಕಣ್ಣ ಮುಂದೆ ಬಂತು. ಗುರುವಾರ ಮತ್ತೆ ಅದೇ ಕಿಟಕಿಯ ಮುಂದೆ ನಿಂತರೆ ಓಣಿಗೆಲ್ಲ ಡಂಗುರವೇ. ಹಾಗಾಗಿ ಗುರುವಾರದ ರಕ್ತ ಮಕ್ತಲ್‌ನಲ್ಲಿ ಕೊಡುವುದೆಂದು ನಾನೇ ನಿಶ್ಚಯಿಸಿದೆ. ಅಲ್ಲಿ ನಮ್ಮನ್ನು ಬಲ್ಲವರಿಲ್ಲ. ರಾಯಚೂರಿನ ಬಸ್ಸಿಗೆ ಕಾಯುವ ನೂರು ಮಂದಿಯಲ್ಲಿ ನಾವಿಬ್ಬರು.

ಅತ್ತೆಗೆ ಏನು ಹೇಳುವುದು? ಮಕ್ತಲ್‌ನಲ್ಲಿ ಗೆಳತಿಯ ಮನೆಯ ಗೃಹಪ್ರವೇಶ ಎಂದೆ.

"ಹೌದೇನು?" ಎಂದು ಒಳಗೆ ಹೋದವರು ಒಂದು ಖಣ, ಒಂದು ತೆಂಗಿನಕಾಯಿ, ಎಲೆ ಅಡಿಕೆ ಚೀಲಕ್ಕೆ ಹಾಕಿ ತಂದರು. "ಬರಿಗೈಲೆ ಹೋಗಬಾರದು. ಮತ್ತ, ಗಾಡಿ ಮ್ಯಾಲ ಬ್ಯಾಡ, ರಸ್ತೆ ತೆಗ್ಗು ಭಾಳ. ಬಸ್ಸಿಗೆ ಹೋಗ್ರಿ. ಮುಂದಿನ ಸೀಟಿನ್ಯಾಗ ಕುಂದ್ರು."

"ಅವ್ವಾ, ನಾವೇನು ಕೂಸುಗಳೇನು?" ಎಂದರು ನನ್ನ ಗಂಡ.

"ನಿನಗ ಹೇಳಿಲ್ಲ. ನೀ ಟಾಪ್ ಮ್ಯಾಲ ಕುಂತು ಹೋಗು."

ಮಕ್ತಲ್‌ನಲ್ಲಿ ರಕ್ತ ಕೊಟ್ಟು, ಕಬ್ಬಿನ ಹಾಲು ಕುಡಿದು ಮಧ್ಯಾಹ್ನಕ್ಕೆ ಮನೆಗೆ ಬಂದೆವು. ಫಲಿತಾಂಶವನ್ನು ಸಂಜೆ ಫೋನಿಗೆ ಕಳಿಸುತ್ತೇವೆ ಎಂದಿದ್ದರು. ಸಂಜೆ ನಾನು ರಾಟೆಯ ಮುಂದೆ ಕುಳಿತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಗಂಡ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಫೋನು ಸದ್ದಾಯಿತು. ನಾನೂರ ತೊಂಬತ್ತೆಂಟು.

ಆರುನೂರಾದರೂ ದಾಟಬೇಕಿತ್ತು. ಲೆಕ್ಕವನ್ನು ನಾನು ಎರಡು ದಿನದಿಂದ ನೂರು ಸಲ ಮಾಡಿದ್ದೆ, ಈಗ ಮಾಡುವ ಅಗತ್ಯವಿರಲಿಲ್ಲ. ರಾಟೆ ನಿಂತಿತು. ಅದರ ಹಿಂದೆಯೇ ಮಗ್ಗದ ಸದ್ದೂ ನಿಂತಿತು. ಗಂಡ ಕುಣಿಯಿಂದ ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡು ನೋಡಿದರು, ತಿರುಗಿಸಿ ಹಿಡಿದೂ ನೋಡಿದರು. ನನ್ನೊಳಗಿಂದ ಒಂದು ದನಿ ಬಂತು. ಅಂಥ ದನಿ ನನ್ನದೆಂದು ನನಗೇ ತಿಳಿಯಲಿಲ್ಲ.

ಅಡುಗೆಮನೆಯಿಂದ ಅತ್ತೆ ಬಂದರು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಏನಾಯಿತು ಎಂದು ಕೇಳಲಿಲ್ಲ. ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತು, "ಮೊದಲ ಎಷ್ಟಿತ್ತು, ಈಗ ಎಷ್ಟಾತು?" ಎಂದರು.

ನಾನು ಅಳು ನುಂಗಿ ಅವರ ಮುಖ ನೋಡಿದೆ. "ನಿಮಗ ಗೊತ್ತಿತ್ತೇನು ಅತ್ತಿ?"

"ಎಂಟು ದಿನದಿಂದ ಬಣ್ಣದ ಕಡಾಯಿ ನಾನೇ ನೋಡಾಕ ಹತ್ತೀನಿ, ನೀರಿನ ಕೊಡ ನಾನೇ ಎತ್ತಾಕ ಹತ್ತೀನಿ. ನಿನ್ನ ಕೆಲಸ ಯಾರು ಮಾಡತಾರ ಅಂತ ನಿನಗ ಒಂದ ಸಲನೂ ಅನಸಲಿಲ್ಲೇನು? ಎರಡು ದಿನದಿಂದ ಆ ಅಂಕಿ ಕಾಗದ ತಗದು ತಗದು ನೋಡತಿ, ಅದೂ ನನಗ ಕಾಣಂಗಿಲ್ಲೇನು?" ಎಂದರು. ಆಮೇಲೆ ಚೀಲದ ಕಡೆ ಗದ್ದ ಎತ್ತಿದರು. "ಮತ್ತ ಗೃಹಪ್ರವೇಶಕ್ಕ ಕೊಟ್ಟ ಕಾಯಿ ಹಂಗ ತಿರುಗಿ ಬಂದೈತಿ. ಸುಳ್ಳು ಹೇಳಿದ ಮ್ಯಾಲ ಕಾಯಿ ಯಾವದಾರ ಗುಡಿಗೆ ಕೊಟ್ಟು ಬರಬೇಕಿಲ್ಲೇನು? ಇಬ್ಬರಿಗೂ ಅಷ್ಟೂ ಬುದ್ಧಿ ಇಲ್ಲ."

ಅಳುತ್ತಲೇ ಎಲ್ಲವನ್ನೂ ಹೇಳಿದೆ. ಮಂಗಳವಾರ ಇಷ್ಟು, ಗುರುವಾರ ಇಷ್ಟು, ಒಂದೂವರೆ ಪಟ್ಟು ಆಗಬೇಕಿತ್ತು, ಆಗಿಲ್ಲ. ಮತ್ತೆ ಹೋದ ಸಲದಂತೆಯೇ. ಅವರು ಪೂರ್ತಿ ಕೇಳಿಸಿಕೊಂಡರು. ಬೆರಳಿಗಂಟಿದ ಹಿಟ್ಟನ್ನು ತಿಕ್ಕಿ ತಿಕ್ಕಿ ಉದುರಿಸುತ್ತಿದ್ದರು. ಆಮೇಲೆ ಕೇಳಿದರು:

"ಮಂಗಳವಾರ ಅಳದ ಕೈನೂ ಇವತ್ತು ಅಳದ ಕೈನೂ ಒಂದೇ ಏನು?"

"ಅವ್ವಾ, ಅದು ಸೀರಿ ಅಲ್ಲ," ಗಂಡನಿಗೆ ಸಿಟ್ಟು ಬಂತು. "ಮಷೀನ್ ಅದು. ಅದಕ್ಕ ಕೈ ಗಿಯ್ಯಿ ಇರಂಗಿಲ್ಲ."

"ನೀ ಸುಮ್ಮನಿರು. ನಾ ಗುರುತು ಹಾಕಿಕೊಟ್ಟ ಸೀರಿನೂ ನೀ ಎರಡ ಸಲ ಗಿಡ್ಡ ಮಾಡೀದಿ," ಎಂದು ಮಗನ ಕಡೆ ನೋಡದೆ ನನಗೇ ಹೇಳಿದರು. "ನನಗ ತಿಳೀದು ಯವ್ವಾ. ಮಷೀನಿಂದೂ ಒಂದರ ಮೊಳ ಉದ್ದ, ಒಂದರ ಮೊಳ ಗಿಡ್ಡ ಇರತೈತೇನೋ. ತಿಳದಾಕಿ ಡಾಕ್ಟರಮ್ಮ. ಆಕಿನ ಕೇಳು."

ನಾನು ಕೇಳಲೊಲ್ಲೆ ಎಂದೆ. ಕೇಳಿದರೆ ಆಕೆ "ಹೋಯಿತು" ಎಂದುಬಿಡುತ್ತಾರೆ, ಕೇಳದಿದ್ದರೆ ಇನ್ನೊಂದು ರಾತ್ರಿಯಾದರೂ ಇರುತ್ತದೆ. ಅತ್ತೆಯೇ ಫೋನು ಹಚ್ಚಿಸಿ, ದೊಡ್ಡ ದನಿ ಬರುವಂತೆ ಮಾಡಿಸಿ, ನನ್ನ ಮಡಿಲಲ್ಲಿಟ್ಟರು.

ಡಾಕ್ಟರಮ್ಮ ಮೊದಲು ಬೈದರು. "ಏನಮ್ಮಾ, ಮಕ್ತಲ್‌ಗೆ ಯಾಕೆ ಹೋದೆ? ಅದೇ ಲ್ಯಾಬಿನಲ್ಲಿ ಮಾಡಿಸು ಅಂತ ಹೇಳಿದ್ದೆನಲ್ಲ, ಚೀಟಿಯ ಕೆಳಗೂ ಬರೆದಿದ್ದೆ." ಒಂದೊಂದು ಲ್ಯಾಬಿನ ಯಂತ್ರ, ಔಷಧಿ ಬೇರೆ ಬೇರೆ ಇರುತ್ತದೆ, ಒಂದೇ ರಕ್ತಕ್ಕೂ ಎರಡು ಕಡೆ ಎರಡು ಅಂಕಿ ಬರಬಹುದು, ಅಲ್ಲಿಯದನ್ನು ಇಲ್ಲಿಯದಕ್ಕೆ ಹೋಲಿಸಿದರೆ ಏನೂ ಹೇಳಲು ಬರುವುದಿಲ್ಲ ಎಂದರು. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಹೋಯಿತು ಎಂದೂ ಅನ್ನಲಿಲ್ಲ. ಹೊಟ್ಟೆನೋವು, ರಕ್ತ ಏನಾದರೂ ಇದ್ದರೆ ತಕ್ಷಣ ಬರಬೇಕು, ಇಲ್ಲದಿದ್ದರೆ ಶನಿವಾರ ಮೊದಲಿನ ಲ್ಯಾಬಿಗೇ ಹೋಗಬೇಕು.

ರವಿಕೆಯಲ್ಲಿದ್ದ ಚೀಟಿ ತೆಗೆದು ನೋಡಿದೆ. ಅಂಕಿಯ ಕಾಗದವನ್ನು ನೂರು ಸಲ ತೆರೆದವಳು ಅದರ ಜೊತೆಗಿದ್ದ ಚೀಟಿಯನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಕೊನೆಯ ಸಾಲಿನಲ್ಲಿತ್ತು: ಅದೇ ಲ್ಯಾಬು. ಅಡಿಗೆರೆ ಬೇರೆ. ನಾನು ಡಿಗ್ರಿ ಓದಿದವಳು. ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಅದನ್ನು ಓದದೆಯೇ ಹೇಳಿದ್ದರು.

"ಹಂಗಾದ್ರ ಸರಿ ಆಗತೈತೇನು ಅತ್ತಿ?" ಎಂದೆ.

ಬೇರೆ ಯಾರಾದರೂ ಆಗಿದ್ದರೆ ಆಗತೈತಿ, ದೇವರು ದೊಡ್ಡವನು ಎನ್ನುತ್ತಿದ್ದರು. ಅತ್ತೆ, "ಗೊತ್ತಿಲ್ಲ ಯವ್ವಾ," ಎಂದರು. "ಇವತ್ತು ಅಳದದ್ದು ಅಳತಿ ಅಲ್ಲ ಅಂತ ಗೊತ್ತಾತು. ಅಷ್ಟ ಗೊತ್ತಾತು. ಏಳು, ರೊಟ್ಟಿ ಬಿಸಿ ಅದಾವ."

ಅವರನ್ನು ನಾನು ಮೆಚ್ಚುವುದು ಆ ಪ್ರಶ್ನೆಗಿಂತ ಹೆಚ್ಚಾಗಿ ಈ "ಗೊತ್ತಿಲ್ಲ"ಕ್ಕೆ. ಸುಳ್ಳು ಸಮಾಧಾನ ಕೊಟ್ಟಿದ್ದರೆ ಅದನ್ನು ನಾನು ಒಂದು ಗಳಿಗೆಯಲ್ಲಿ ಹರಿದು ಹಾಕುತ್ತಿದ್ದೆ. ಗೊತ್ತಿಲ್ಲ ಎಂದದ್ದರಿಂದ, ಗೊತ್ತಿಲ್ಲದೆ ಕೂರುವುದರಲ್ಲಿ ನನಗೊಬ್ಬರು ಜೊತೆಯಾದರು.

ಶುಕ್ರವಾರವಿಡೀ ಅವರು ನನ್ನನ್ನು ತಮ್ಮ ಕಣ್ಣಳತೆಯಲ್ಲೇ ಇಟ್ಟುಕೊಂಡರು. ಮಗ್ಗದ ಕೋಣೆಯಲ್ಲಿ ಚಾಪೆ ಹಾಸಿ, ನನ್ನನ್ನು ಗೋಡೆಗೆ ಒರಗಿಸಿ, ತಾವು ಸಿಕ್ಕು ಬಿದ್ದ ರೇಷ್ಮೆಯ ಲಡಿ ಬಿಡಿಸುತ್ತಾ ಕುಳಿತರು. ಆಗ ಹೇಳಿದರು, ನನ್ನ ಗಂಡ ಹುಟ್ಟುವ ಮೊದಲು ಅವರಿಗೂ ಒಂದು ಹೋಗಿತ್ತಂತೆ. ಮದುವೆಯಾಗಿ ಮೂರು ವರ್ಷವಾದರೂ ಅದು ನನಗೆ ಗೊತ್ತಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ.

"ಆವಾಗ ಅಳಿಯಾಕ ಏನಿತ್ತು? ಮುಟ್ಟು ನಿಂತರ ಬಸಿರು, ಬಂದರ ಇಲ್ಲ," ಎಂದರು, ಲಡಿಯಿಂದ ಕಣ್ಣೆತ್ತದೆ. "ನೀ ಎರಡ ದಿನಕ್ಕೊಮ್ಮೆ ಅಂಜತಿ. ನಾವು ಎಲ್ಲಾ ಮುಗದ ಮ್ಯಾಲ ಒಮ್ಮೆ ಅತ್ತು ಏಳತಿದ್ವಿ. ಯಾವದು ಚಲೋ ಅಂತ ನನಗರ ತಿಳಿವಲ್ದು."

"ನಿಮಗ ಆವಾಗ ಬಾಗಲದಾಗ ಯಾರು ಕುಂತಿದ್ರು ಅತ್ತಿ?"

"ಯಾರೂ ಇಲ್ಲ," ಎಂದರು. "ಅದಕ್ಕ ನಾ ಕುಂತೆ."

ಶನಿವಾರ ಬೆಳಿಗ್ಗೆ ನಾನು ಹೊರಟು ನಿಂತಾಗ ಅವರು ತಾವೇ ಗುರುತು ಹಾಕಿದ ಮಾವಿನಕಾಯಿ ಬಣ್ಣದ ಚೌಕಡಿ ಸೀರೆ ಉಟ್ಟು ಸಿದ್ಧರಾಗಿದ್ದರು. ಮಗನಿಗೆ, "ನೀ ನೇಯಿ, ನಾವಿಬ್ಬರು ಹೋಗತೀವಿ," ಎಂದರು. ಲ್ಯಾಬಿನ ಕಿಟಕಿಯಲ್ಲಿ ಅದೇ ನಾದಿನಿ. ನಾನು ಮುಖ ತಗ್ಗಿಸಿದೆ. ಅತ್ತೆ ನೇರವಾಗಿ ಅವಳೆದುರು ಹೋಗಿ ನಿಂತರು.

"ಏನ್ಬೇ, ಚಂದ ಅದೀಯಲ್ಲ? ನಿಮ್ಮ ಅತ್ತಿಗಿಗೆ ಏನೇನು ಹೇಳೀದಿ?"

ಹುಡುಗಿ ಗಾಬರಿಯಾದಳು. "ಏನೂ ಇಲ್ಲರೀ ಅಮ್ಮಾ! ಇಲ್ಲಿಂದು ಹೊರಗ ಹೇಳಿದ್ರ ನನ್ನ ನೌಕರಿ ಹೋಗತೈತ್ರೀ."

ಅತ್ತೆ ನನ್ನತ್ತ ತಿರುಗಿ ನೋಡಿದರು, ಅಷ್ಟೇ. ನಾನು ಸುಮ್ಮನೆ ಅಂಜಿ ಮಕ್ತಲ್‌ವರೆಗೆ ಹೋಗಿ ಬಂದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಮಾತು ಬೇಕಿರಲಿಲ್ಲ. ಒಳಗೆ ರಕ್ತ ತೆಗೆಯುವವನನ್ನೂ ಅವರು ಬಿಡಲಿಲ್ಲ.

"ಮಂಗಳವಾರ ಈಕಿದು ನೋಡಿದ್ದು ಇದೇ ಮಷೀನ್ ಏನಪಾ?"

"ಇದೇ ಅಮ್ಮಾ. ಇರೋದೇ ಒಂದು."

"ಬರೋಬ್ಬರಿ. ಹಂಗಾದ್ರ ತಗೋ."

ಮಧ್ಯಾಹ್ನದವರೆಗೆ ನಾವು ಅಲ್ಲೇ ಬೆಂಚಿನ ಮೇಲೆ ಕುಳಿತೆವು. ನಾನು ಏನು ಯೋಚಿಸಿದೆನೋ ನೆನಪಿಲ್ಲ. ಅತ್ತೆಯ ಬಲಗೈ ನನ್ನ ಮೊಣಕಾಲಿನ ಮೇಲಿತ್ತು ಎಂಬುದು ನೆನಪಿದೆ. ನಡುಬೆರಳಿನ ತುದಿಯಲ್ಲಿ ಎಷ್ಟು ತೊಳೆದರೂ ಹೋಗದ ಕುಂಕುಮದ ಕೆಂಪು. ಕಾಗದ ಬಂದಾಗ ನಾನು ತೆಗೆದುಕೊಳ್ಳಲಿಲ್ಲ. ನಾದಿನಿಯೇ ಓದಿದಳು: ಸಾವಿರದ ಮುನ್ನೂರ ತೊಂಬತ್ತು.

"ನಾನೂರ ಹನ್ನೆರಡಕ್ಕ ಎಷ್ಟು ಪಟ್ಟು ಅದು?" ಎಂದು ಅತ್ತೆ ಕೇಳಿದರು. ಅವರಿಗೆ ಮಂಗಳವಾರದ ಅಂಕಿ ಬಾಯಿಪಾಠವಾಗಿತ್ತು.

"ಮೂರರ ಮ್ಯಾಲ," ಎಂದೆ.

ಅತ್ತೆ ಹಿಗ್ಗಲಿಲ್ಲ. ಅಲ್ಲಿಂದ ನೇರವಾಗಿ ಡಾಕ್ಟರಮ್ಮನ ದವಾಖಾನೆಗೆ ಕರೆದುಕೊಂಡು ಹೋದರು. ಅಂಕಿ ಚೆನ್ನಾಗಿ ಏರಿದೆ, ಇನ್ನು ರಕ್ತ ಬೇಡ, ಎರಡು ವಾರ ಬಿಟ್ಟು ಸ್ಕ್ಯಾನಿಂಗಿನಲ್ಲಿ ನೋಡೋಣ ಎಂದ ಮೇಲೆಯೇ ಅವರು ನೀರು ಕುಡಿದದ್ದು. ದಾರಿಯಲ್ಲಿ ಗುಡಿ ಬಂತು. ಚೀಲದಿಂದ ಆ ಗೃಹಪ್ರವೇಶದ ತೆಂಗಿನಕಾಯಿ ತೆಗೆದು, "ಸುಳ್ಳಿನ ಕಾಯಿ, ಇಲ್ಲಿ ಖರೇ ಆಗಲಿ," ಎಂದು ಒಡೆಸಿದರು.

ಎರಡು ವಾರ ಬಿಟ್ಟು ಪರದೆಯ ಮೇಲೆ ಅಕ್ಕಿಕಾಳಿನಷ್ಟು ಏನೋ ಮಿಣುಕುತ್ತಿತ್ತು. ಅದೇ ಎದೆಬಡಿತ ಎಂದರು. ಆಮೇಲಿನ ತಿಂಗಳುಗಳಲ್ಲಿ ಅಂಜಿಕೆ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಬಾಗಿಲಲ್ಲಿ ಯಾರು ಕುಳಿತಿದ್ದಾರೆಂದು ನನಗೆ ಗೊತ್ತಿತ್ತು.

ಮಗಳು ಹುಟ್ಟಿದ ದಿನ ನರ್ಸು ಟೇಪು ಹಿಡಿದು ಉದ್ದ ಹೇಳಿ ಬರೆದುಕೊಂಡಳು. ಅವಳು ಹೋದ ಮೇಲೆ ಅತ್ತೆ ಬಟ್ಟೆ ಸರಿಸಿ, ಕೂಸಿನ ಪಕ್ಕದಲ್ಲಿ ತಮ್ಮ ಬಲಗೈ ಚಾಚಿ ಮಲಗಿಸಿದರು. "ಒಂದು ಮೊಳ, ಮ್ಯಾಲ ಎರಡು ಬೆರಳು," ಎಂದರು. ಅಂದಿನಿಂದ ತಿಂಗಳಿಗೊಮ್ಮೆ ಈ ಅಳತೆ ತಪ್ಪಿಲ್ಲ. ಈಗ ಮಗಳು ನಿಂತೇ ಅಳೆಸಿಕೊಳ್ಳುತ್ತಾಳೆ, ನಿಂತಲ್ಲಿ ನಿಲ್ಲದೆ ಕುಣಿಯುತ್ತಾಳೆ, ಅಜ್ಜಿಯಿಂದ ಬೈಸಿಕೊಳ್ಳುತ್ತಾಳೆ. ಹೋದ ತಿಂಗಳು ಅತ್ತೆಯ ಬಲಗೈ ಉಳುಕಿತ್ತು. ಪಟ್ಟಿ ಕಟ್ಟಿಕೊಂಡು ಕುಳಿತಿದ್ದರು. ಅವರಿಗೆ ತೊಂದರೆ ಬೇಡವೆಂದು ನಾನೇ ಮಗಳನ್ನು ಗೋಡೆಗೆ ನಿಲ್ಲಿಸಿ ನನ್ನ ಕೈ ಚಾಚಿದೆ.

"ಏ, ತಗಿ ಕೈ!" ಎಂದು ಎಡಗೈಯಿಂದ ನನ್ನ ಮುಂಗೈ ಮೇಲೆ ಹೊಡೆದರು. "ಎಂಟು ದಿನ ತಡಿ. ಆಕಿ ಎಲ್ಲಿ ಓಡಿ ಹೊಂಟಾಳ?"

ಮಗಳು ಓಡಿಯೇ ಹೋದಳು. ನಾವು ಎಂಟು ದಿನ ಕಾದೆವು.